ಹಲ್ಲು ನೋವಿನ ಮಾತ್ರೆ ಯಾರಿಗೆ? ಗರ್ಭಿಣಿಗೆ ಅಂದ್ರೆ ಒಂದು ನಿಮಿಷ ನಿಲ್ಲಿ

ಚನ್ನಗಿರಿ: ರಾತ್ರಿ ಒಂಬತ್ತು ಗಂಟೆ. ಮೆಡಿಕಲ್ ಶಾಪ್‌ನವರು ಶಟರ್ ಅರ್ಧ ಇಳಿಸೋ ಹೊತ್ತಿಗೆ ಬೈಕ್ ಒಂದು ಬಂದು ನಿಲ್ಲುತ್ತೆ. ‘ಅಣ್ಣ, ಹಲ್ಲು ನೋವಿಗೆ ಎರಡು ಮಾತ್ರೆ ಕೊಡಿ, ಸ್ವಲ್ಪ ಪವರ್ ಇರೋದು.’ ಅಂಗಡಿಯವರು ಡಬ್ಬಿಗೆ ಕೈ ಹಾಕಿ ಎರಡು ಮಾತ್ರೆ ಕತ್ತರಿಸಿ ಕೊಡ್ತಾರೆ. ಬೈಕ್ ಹೊರಡುತ್ತೆ. ಹಲ್ಲು ನೋವು ಬಂದವರಿಗೇ ಇದೆ ಅಂತ ಅಂಗಡಿಯವರು ಅಂದ್ಕೊಂಡಿರ್ತಾರೆ. ನೋವು ಇರೋದು ಮನೆಯಲ್ಲಿರೋ ಆರು ತಿಂಗಳ ಗರ್ಭಿಣಿ ಹೆಂಡತಿಗೆ. ಇವರು ಹೇಳಲಿಲ್ಲ, ಅವರು ಕೇಳಲಿಲ್ಲ.

ಸಂತೆಬೆನ್ನೂರಿರಲಿ, ಬಸವಾಪಟ್ಟಣ ಇರಲಿ, ಯಾವ ಊರಿನ ಅಂಗಡಿಯಲ್ಲಾದರೂ ನಡೆಯಬಹುದಾದ ಮಾತಿದು. ಇನ್ನೊಂದು ಕಡೆ ಮನೆಯಲ್ಲಿ ಹಿರಿಯರ ಮಾತು ಬೇರೆ: ‘ಬಸುರಿ ಹಲ್ಲಿಗೆ ಕೈ ಹಾಕಿಸಬಾರದು, ಹೆರಿಗೆ ಆಗ್ಲಿ ತಡಿ.’ ಹೀಗೆ ಡಾಕ್ಟರ್ ಹತ್ತಿರ ಹೋಗೋದು ಮುಂದಕ್ಕೆ ಹೋಗುತ್ತೆ, ಮಾತ್ರೆ ಮಾತ್ರ ದಿನಾ ಹೊಟ್ಟೆಗೆ ಹೋಗುತ್ತೆ.

ವೈದ್ಯಕೀಯ ಲೋಕ ಹೇಳೋದು ಇದಕ್ಕೆ ಪೂರ್ತಿ ಉಲ್ಟಾ. ಗರ್ಭಿಣಿಗೆ ಹಲ್ಲಿನ ಚಿಕಿತ್ಸೆ ಕೊಡಿಸಬಹುದು, ಕೊಡಿಸಬೇಕು. ಭಯ ಪಡಬೇಕಾದ್ದು ಚೀಟಿ ಇಲ್ಲದೆ ತಂದ ನೋವಿನ ಮಾತ್ರೆಗೆ ಮತ್ತು ಒಳಗೊಳಗೇ ಬೆಳೆಯೋ ಕೀವಿಗೆ. ಯಾಕೆ ಅನ್ನೋದರ ವಿವರ ಇಲ್ಲಿದೆ.

ಬ್ರಷ್ ಮಾಡಿದ್ರೆ ರಕ್ತ ಬರೋದ್ಯಾಕೆ?

ಗರ್ಭ ನಿಂತ ಮೇಲೆ ದೇಹದಲ್ಲಿ ಪ್ರೊಜೆಸ್ಟೆರಾನ್, ಈಸ್ಟ್ರೋಜೆನ್ ಅನ್ನೋ ಹಾರ್ಮೋನುಗಳು ಏರುತ್ತವೆ. ಇದರಿಂದ ವಸಡಿಗೆ ರಕ್ತ ಸಂಚಾರ ಜಾಸ್ತಿ ಆಗುತ್ತೆ, ವಸಡು ಮೆತ್ತಗಾಗುತ್ತೆ. ಮೊದಲು ಹಲ್ಲಿನ ಬುಡದಲ್ಲಿ ಸ್ವಲ್ಪ ಕೊಳೆ ಕೂತರೂ ಏನೂ ಆಗದೇ ಇದ್ದವರಿಗೆ ಈಗ ಅದೇ ಕೊಳೆಗೆ ವಸಡು ಕೆಂಪಾಗಿ ಊದಿಕೊಳ್ಳುತ್ತೆ. ಬ್ರಷ್ ತಾಗಿದ ಕೂಡಲೇ ರಕ್ತ ಬರುತ್ತೆ.

ಸಾಮಾನ್ಯವಾಗಿ ಇದು ಎರಡನೇ ತಿಂಗಳ ಹೊತ್ತಿಗೆ ಶುರುವಾಗಿ ಎಂಟನೇ ತಿಂಗಳ ಹೊತ್ತಿಗೆ ಜಾಸ್ತಿ ಇರುತ್ತೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 100 ಗರ್ಭಿಣಿಯರಲ್ಲಿ 60ರಿಂದ 75 ಮಂದಿಗೆ ವಸಡಿನ ಈ ಉರಿಯೂತ ಇರುತ್ತೆ. ಅಂದ್ರೆ ಇದು ಅಪರೂಪದ ಕಾಯಿಲೆ ಏನಲ್ಲ. ಹಾಗಂತ ಸುಮ್ಮನೆ ಬಿಡೋ ವಿಷಯವೂ ಅಲ್ಲ.

ರಕ್ತ ಕಂಡ ಕೂಡಲೇ ಹೆಚ್ಚಿನವರು ಮಾಡೋ ತಪ್ಪು ಒಂದೇ: ಬ್ರಷ್ ಬಿಟ್ಟು ಬೆರಳಿನಲ್ಲಿ ಪುಡಿ ಹಾಕಿ ಉಜ್ಜೋದು. ಇದರಿಂದ ಕೊಳೆ ಅಲ್ಲೇ ಉಳಿಯುತ್ತೆ, ರಕ್ತ ಇನ್ನೂ ಜಾಸ್ತಿ ಆಗುತ್ತೆ. ಮಾಡಬೇಕಾದ್ದು ಮೆದುವಾದ ಬ್ರಷ್ ತಗೊಂಡು, ಜೋರು ಹಾಕದೆ, ವಸಡಿನ ಅಂಚಿನವರೆಗೂ ದಿನಕ್ಕೆ ಎರಡು ಸಲ ಉಜ್ಜೋದು. ಅಂಗಡಿಯಲ್ಲಿ ‘ಸಾಫ್ಟ್ ಬ್ರಷ್’ ಅಂತ ಕೇಳಿದ್ರೆ ಸಿಗುತ್ತೆ. ರಾತ್ರಿ ಊಟ ಆದ ಮೇಲೆ ಉಜ್ಜೋದನ್ನ ಯಾವ ಕಾರಣಕ್ಕೂ ತಪ್ಪಿಸಬಾರದು. ಗಟ್ಟಿಯಾಗಿ ಕೂತ ಪಾಚಿ ಬ್ರಷ್‌ಗೆ ಹೋಗಲ್ಲ, ಅದನ್ನ ದಂತ ವೈದ್ಯರೇ ಕ್ಲೀನ್ ಮಾಡಬೇಕು. ಗರ್ಭಿಣಿಯರಿಗೆ ಕ್ಲೀನಿಂಗ್ ಮಾಡಿಸಬಹುದು.

ಕೆಲವರಿಗೆ ಎರಡು ಹಲ್ಲಿನ ನಡುವೆ ಕೆಂಪು ಗುಳ್ಳೆ ಥರ ವಸಡು ಬೆಳೆಯುತ್ತೆ, ಮುಟ್ಟಿದ್ರೆ ರಕ್ತ ಬರುತ್ತೆ. ಮನೆಯವರು ಕ್ಯಾನ್ಸರ್ ಅಂತ ಹೆದರ್ತಾರೆ. ಗರ್ಭಿಣಿಯರಲ್ಲಿ ಬರೋ ಈ ಗಡ್ಡೆ ಕ್ಯಾನ್ಸರ್ ಅಲ್ಲ, ಹೆರಿಗೆ ಆದ ಮೇಲೆ ಬಹಳಷ್ಟು ಸಲ ತಾನಾಗಿ ಇಳಿಯುತ್ತೆ. ಆದ್ರೆ ಅದು ಇದೇನಾ ಅಂತ ವೈದ್ಯರು ಒಮ್ಮೆ ನೋಡಿ ಹೇಳಬೇಕು.

ಇನ್ನೊಂದು ಎಚ್ಚರಿಕೆ. ಬ್ರಷ್ ತಾಗದೇ ಇದ್ದರೂ ವಸಡಿನಿಂದ ರಕ್ತ ಸೋರ್ತಾ ಇದ್ರೆ, ಮೈ ಮೇಲೆ ಕೆಂಪು ಚುಕ್ಕೆ ಅಥವಾ ನೀಲಿ ಕಲೆ ಕಾಣಿಸಿದ್ರೆ ಅದು ಬರೀ ವಸಡಿನ ಸಮಸ್ಯೆ ಇರಲಿಕ್ಕಿಲ್ಲ. ಪ್ಲೇಟ್‌ಲೆಟ್ ಕಡಿಮೆ ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ವಾಂತಿ ಆದ ಕೂಡಲೇ ಬ್ರಷ್ ಬೇಡ

ಮೊದಲ ಮೂರು ತಿಂಗಳು ವಾಂತಿ ಕಾಟ. ವಾಂತಿ ಜೊತೆ ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತೆ, ಹಲ್ಲಿನ ಮೇಲ್ಪದರವನ್ನ ಮೆತ್ತಗೆ ಮಾಡುತ್ತೆ. ಬಾಯಿ ಕಹಿ ಆಯ್ತು ಅಂತ ಆ ಕ್ಷಣಕ್ಕೇ ಬ್ರಷ್ ಹಿಡಿದು ಉಜ್ಜಿದ್ರೆ ಮೆತ್ತಗಾದ ಪದರ ಸವೆದು ಹೋಗುತ್ತೆ. ತಿಂಗಳುಗಟ್ಟಲೆ ಹೀಗೇ ನಡೆದ್ರೆ ತಣ್ಣೀರು ಕುಡಿದರೂ ಹಲ್ಲು ಜುಮ್ ಅನ್ನೋಕೆ ಶುರುವಾಗುತ್ತೆ.

ಇದಕ್ಕೆ ಮನೆಯಲ್ಲೇ ಉಪಾಯ ಇದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕರಗಿಸಿ ಬಾಯಿ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ಸೋಡಾ ಆಮ್ಲವನ್ನ ತಣಿಸುತ್ತೆ. ಸೋಡಾ ಇಲ್ಲ ಅಂದ್ರೆ ಬರೀ ನೀರಿನಲ್ಲಾದರೂ ಮುಕ್ಕಳಿಸಬೇಕು. ಬ್ರಷ್ ಮಾಡೋದು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು.

ಪೇಸ್ಟ್ ವಾಸನೆಗೇ ವಾಂತಿ ಬರುತ್ತೆ ಅನ್ನೋರೂ ಇದ್ದಾರೆ. ಅವರು ಪೇಸ್ಟ್ ಬದಲಾಯಿಸಿ ನೋಡಬಹುದು, ಕಡಲೆ ಕಾಳಿನಷ್ಟೇ ಹಾಕಬಹುದು. ಮಕ್ಕಳ ಚಿಕ್ಕ ತಲೆಯ ಬ್ರಷ್ ಬಳಸಿದ್ರೆ ಗಂಟಲಿಗೆ ತಾಗಲ್ಲ. ಬೆಳಿಗ್ಗೆ ಆಗದಿದ್ರೆ ಹೊಟ್ಟೆ ಸಮಾಧಾನ ಇರೋ ಹೊತ್ತಿಗೆ ಉಜ್ಜಿದರೂ ನಡೆಯುತ್ತೆ.

ಬಸುರಿ ಬಯಕೆಯೂ ಹಲ್ಲಿಗೆ ಸಂಬಂಧಪಟ್ಟಿದ್ದೇ. ಹುಣಸೆಹಣ್ಣು, ಮಾವಿನಕಾಯಿ, ನೆಲ್ಲಿಕಾಯಿ ತಿನ್ನಬೇಡಿ ಅಂತ ಯಾರೂ ಹೇಳಲ್ಲ. ದಿನವಿಡೀ ಬಾಯಲ್ಲಿ ಇಟ್ಕೊಂಡು ಚೀಪೋದಕ್ಕಿಂತ ಊಟದ ಜೊತೆ ತಿಂದು ನೀರು ಮುಕ್ಕಳಿಸೋದು ಒಳ್ಳೇದು. ಆದ್ರೆ ಬಳಪ, ಮಣ್ಣು ತಿನ್ನೋ ಆಸೆ ಬಂದ್ರೆ ಮುಚ್ಚಿಡಬಾರದು. ಹಲ್ಲು ಸವೆಯೋದು ಒಂದು ಕಡೆಯಾದ್ರೆ, ಕಬ್ಬಿಣಾಂಶ ಕಡಿಮೆ ಇರೋರಲ್ಲಿ ಈ ಆಸೆ ಹೆಚ್ಚಾಗಿ ಕಾಣಿಸುತ್ತೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು.

ಮಗು ತಾಯಿ ಹಲ್ಲಿನ ಕ್ಯಾಲ್ಸಿಯಂ ಎಳೆಯುತ್ತಾ?

ಇಲ್ಲ. ‘ಎರಡು ಹೆತ್ತೆ, ನಾಲ್ಕು ಹಲ್ಲು ಹೋಯ್ತು’ ಅಂತ ಹೇಳೋ ಅಜ್ಜಿಯಂದಿರು ಪ್ರತಿ ಮನೆಯಲ್ಲೂ ಸಿಗ್ತಾರೆ. ಅವರ ಹಲ್ಲು ಹೋಗಿದ್ದು ನಿಜ ಇರಬಹುದು, ಕಾರಣ ಮಾತ್ರ ಬೇರೆ. ಮಗುವಿನ ಮೂಳೆಗೆ ಬೇಕಾದ ಕ್ಯಾಲ್ಸಿಯಂ ತಾಯಿ ತಿನ್ನೋ ಆಹಾರದಿಂದ ಹೋಗುತ್ತೆ. ಆಹಾರದಲ್ಲಿ ಸಾಲದಿದ್ರೆ ತಾಯಿಯ ಮೂಳೆಯಿಂದ ಹೋಗುತ್ತೆ. ಬೆಳೆದು ನಿಂತ ಹಲ್ಲಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ವಾಪಸ್ ಹೋಗಲ್ಲ. ಹಲ್ಲು ಹೋಗೋದು ಹುಳುಕಿನಿಂದ ಮತ್ತು ವಸಡಿನ ರೋಗದಿಂದ. ಆ ಕಾಲದಲ್ಲಿ ತೋರಿಸಲಿಲ್ಲ, ಅದಕ್ಕೆ ಹೋಯ್ತು.

ಹಾಗಂತ ಕ್ಯಾಲ್ಸಿಯಂ ಮಾತ್ರೆ ಬಿಡೋ ಹಾಗಿಲ್ಲ. ಅದು ತಾಯಿಯ ಮೂಳೆಗೆ ಬೇಕು. ಸರ್ಕಾರದ ಕ್ರಮದ ಪ್ರಕಾರ 14ನೇ ವಾರದಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ. ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಅಂತರ ಇರಲಿ.

ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಕೊಡ್ತಾರೆ. ಮೂರೂ ಬೇಕಾದ್ದೇ. ಚಿಕ್ಕಿಯ ಬೆಲ್ಲ ದವಡೆ ಹಲ್ಲಿನ ಸಂದಿಗೆ ಅಂಟಿಕೊಳ್ಳುತ್ತೆ, ಹಾಗಾಗಿ ತಿಂದ ಮೇಲೆ ಚೆನ್ನಾಗಿ ಬಾಯಿ ಮುಕ್ಕಳಿಸಬೇಕು. ಸೀಮಂತ, ಕುಬುಸದ ಸಿಹಿ ತಿಂಡಿಗೂ ಇದೇ ಮಾತು.

ಯಾವ ತಿಂಗಳಲ್ಲಿ ಏನು ಮಾಡಿಸಬಹುದು?

ಮೊದಲ ಮೂರು ತಿಂಗಳು: ಒಮ್ಮೆ ತೋರಿಸಿ ಬಾಯಿ ಪರೀಕ್ಷೆ ಮಾಡಿಸೋದು ಒಳ್ಳೇದು. ಅರ್ಜೆಂಟ್ ಇಲ್ಲದ ದೊಡ್ಡ ಕೆಲಸವನ್ನ ಮುಂದಕ್ಕೆ ಹಾಕ್ತಾರೆ. ವಾಂತಿ, ಸುಸ್ತು ಇರೋದ್ರಿಂದ ಕುರ್ಚಿಯಲ್ಲಿ ಕೂರೋದೇ ಕಷ್ಟ.

ನಾಲ್ಕರಿಂದ ಆರನೇ ತಿಂಗಳು: ಎಲ್ಲಕ್ಕಿಂತ ಅನುಕೂಲದ ಸಮಯ. ಕ್ಲೀನಿಂಗ್, ಹುಳುಕು ಹಲ್ಲಿಗೆ ಫಿಲ್ಲಿಂಗ್, ರೂಟ್ ಕೆನಾಲ್, ಬೇಕಾದ್ರೆ ಹಲ್ಲು ಕೀಳೋದು, ಎಲ್ಲವನ್ನೂ ಮಾಡಿಸಬಹುದು.

ಏಳನೇ ತಿಂಗಳಿಂದ: ಚಿಕಿತ್ಸೆ ಮಾಡಬಹುದು, ಆದ್ರೆ ಹೊಟ್ಟೆ ದೊಡ್ಡದಾಗಿ ಬಹಳ ಹೊತ್ತು ಅಂಗಾತ ಮಲಗೋಕೆ ಆಗಲ್ಲ. ಅಂಗಾತ ಮಲಗಿದ್ರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿಪಿ ಇಳಿದು ತಲೆ ಸುತ್ತಬಹುದು. ಅದಕ್ಕೆ ವೈದ್ಯರು ಬಲ ಸೊಂಟದ ಕೆಳಗೆ ಚಿಕ್ಕ ದಿಂಬು ಇಟ್ಟು ಸ್ವಲ್ಪ ಎಡಕ್ಕೆ ವಾಲಿಸಿ ಕೂರಿಸ್ತಾರೆ. ತಲೆ ಸುತ್ತಿದ್ರೆ ಕೂಡಲೇ ಹೇಳಿ ಎಡ ಮಗ್ಗುಲಿಗೆ ತಿರುಗಬೇಕು.

ಈ ಲೆಕ್ಕ ಕಾಯಬಹುದಾದ ಕೆಲಸಕ್ಕೆ ಮಾತ್ರ. ಕೀವು, ಊತ, ತಡೆಯಲಾರದ ನೋವು ಇದ್ರೆ ಎಷ್ಟನೇ ತಿಂಗಳು ಅಂತ ನೋಡೋ ಹಾಗಿಲ್ಲ. ಮೊದಲ ತಿಂಗಳಾದರೂ ಸರಿ, ಒಂಬತ್ತಾದರೂ ಸರಿ, ಚಿಕಿತ್ಸೆ ಆಗಲೇಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಚೊಚ್ಚಲ ಬಸುರಿ ಕುಬುಸ ಮುಗಿಸಿ ತವರಿಗೆ ಹೋಗ್ತಾರೆ. ರೂಟ್ ಕೆನಾಲ್‌ಗೆ ಎರಡು ಮೂರು ಸಲ ಕರೀತಾರೆ. ಗಂಡನ ಊರಲ್ಲಿ ಅರ್ಧ ಆದ ಕೆಲಸ ತವರಲ್ಲಿ ನಿಂತು ಹೋಗುತ್ತೆ, ತಾತ್ಕಾಲಿಕ ಸಿಮೆಂಟ್ ಬಿದ್ದು ಮತ್ತೆ ಕೀವು ಕಟ್ಟುತ್ತೆ. ತವರಿಗೆ ಹೋಗೋ ದಿನಾಂಕವನ್ನ ದಂತ ವೈದ್ಯರಿಗೆ ಮೊದಲೇ ಹೇಳಿದ್ರೆ ಅಷ್ಟರೊಳಗೆ ಮುಗಿಸೋ ಹಾಗೆ ಲೆಕ್ಕ ಹಾಕ್ತಾರೆ. ಮುಗಿಯದಿದ್ರೆ ಎಕ್ಸ್‌ರೇ, ಚೀಟಿ ಎಲ್ಲ ಜೊತೆಗೆ ತಗೊಂಡು ಹೋಗಬೇಕು.

ಎಕ್ಸ್‌ರೇ, ಇಂಜೆಕ್ಷನ್ ಅಂದ್ರೆ ಭಯ

ಹಲ್ಲಿನ ಎಕ್ಸ್‌ರೇಯಲ್ಲಿ ಕಿರಣದ ಪ್ರಮಾಣ ಬಹಳ ಕಡಿಮೆ. ಅದೂ ಬಾಯಿ ಕಡೆಗೆ ಬಿಡೋದೇ ಹೊರತು ಹೊಟ್ಟೆ ಕಡೆಗಲ್ಲ. ಮೇಲಿಂದ ಸೀಸದ ಏಪ್ರನ್ ಹೊದಿಸೋ ಪದ್ಧತಿಯೂ ಇದೆ. ಮರಗಟ್ಟಿಸೋ ಇಂಜೆಕ್ಷನ್‌ನಲ್ಲಿ ಇರೋ ಲಿಡೋಕೇಯ್ನ್ ಅನ್ನೋ ಔಷಧಿಯನ್ನ ಗರ್ಭಿಣಿಯರಿಗೆ ಕೊಡಬಹುದು.

ಅಮೆರಿಕದ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆ 2013ರಲ್ಲೇ ಇದನ್ನ ಸ್ಪಷ್ಟ ಮಾಡಿದೆ. ಹಲ್ಲಿನ ಎಕ್ಸ್‌ರೇ, ಮರಗಟ್ಟಿಸೋ ಇಂಜೆಕ್ಷನ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳೋದು ಗರ್ಭಿಣಿಗೆ ಸುರಕ್ಷಿತ, ತಡ ಮಾಡಿದ್ರೆ ಸಮಸ್ಯೆ ಇನ್ನೂ ದೊಡ್ಡದಾಗುತ್ತೆ ಅಂತ ಹೇಳಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದ ಆಗುತ್ತೆ ಅನ್ನೋ ಮಾತಿಗೂ ಆಧಾರ ಇಲ್ಲ.

ಅವಧಿಗೆ ಮುಂಚೆ ಹೆರಿಗೆ ಆಗೋದಕ್ಕೂ ವಸಡಿಗೂ ಸಂಬಂಧ ಇದೆಯಾ ಅಂತ ಕೇಳೋರಿದ್ದಾರೆ. ವಸಡಿನ ರೋಗ ಜೋರಾಗಿರೋ ತಾಯಂದಿರಲ್ಲಿ ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗು ಹೆಚ್ಚಾಗಿ ಕಂಡುಬಂದಿದೆ ಅಂತ ಹಲವು ಅಧ್ಯಯನ ಹೇಳಿವೆ. ಆದ್ರೆ 2006ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿಯಲ್ಲಿ ವಸಡಿನ ಚಿಕಿತ್ಸೆ ಕೊಟ್ಟಿದ್ದರಿಂದ ಅವಧಿಪೂರ್ವ ಹೆರಿಗೆ ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. ವಸಡು ವಾಸಿ ಆಯ್ತು, ಚಿಕಿತ್ಸೆಯಿಂದ ತಾಯಿಗೂ ಮಗುವಿಗೂ ತೊಂದರೆ ಆಗಲಿಲ್ಲ ಅನ್ನೋದು ಅದರಲ್ಲಿ ಗೊತ್ತಾಯ್ತು. ಹಾಗಾಗಿ ಕ್ಲೀನಿಂಗ್ ಮಾಡಿಸಿದ್ರೆ ದಿನ ತುಂಬಿಯೇ ಹೆರಿಗೆ ಆಗುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬಬೇಡಿ. ಚಿಕಿತ್ಸೆಗೆ ಹೆದರಲೂ ಬೇಡಿ.

ಮಾತ್ರೆ ವಿಷಯ: ಮೆಡಿಕಲ್ ಶಾಪ್‌ನವರೂ ಓದಿ

ಮನೆಯವರೂ ಅಂಗಡಿಯವರೂ ನೆನಪಿಡಬೇಕಾದ ಮುಖ್ಯ ಭಾಗ ಇದು.

ಹಲ್ಲು ನೋವಿಗೆ ಸಾಮಾನ್ಯವಾಗಿ ಜನ ಒಯ್ಯೋದು ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಇರೋ ಮಾತ್ರೆ. 20 ವಾರ, ಅಂದ್ರೆ ಸುಮಾರು ಐದು ತಿಂಗಳು ತುಂಬಿದ ಮೇಲೆ ಈ ಗುಂಪಿನ ಮಾತ್ರೆ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕಾರಣ, ಮಗುವಿನ ಕಿಡ್ನಿಗೆ ತೊಂದರೆ ಆಗಿ ಮಗುವಿನ ಸುತ್ತ ಇರೋ ನೀರು ಕಡಿಮೆ ಆಗಬಹುದು. 30 ವಾರ ದಾಟಿದ ಮೇಲೆ ಇನ್ನೊಂದು ಅಪಾಯ: ಹುಟ್ಟಿದ ಮೇಲೆ ಮುಚ್ಚಬೇಕಾದ ಮಗುವಿನ ಹೃದಯದ ಪಕ್ಕದ ರಕ್ತನಾಳ ಹೊಟ್ಟೆಯಲ್ಲಿದ್ದಾಗಲೇ ಮುಚ್ಚೋಕೆ ಶುರುವಾಗಬಹುದು. ಐದು ತಿಂಗಳಿಗೆ ಮುಂಚೆಯೂ ವೈದ್ಯರು ಬರೆಯದೆ ತಗೊಳ್ಳಬಾರದು.

ಇಲ್ಲಿ ಮೋಸ ಹೋಗೋದು ಎಲ್ಲಿ ಅಂದ್ರೆ ಕಾಂಬಿನೇಷನ್ ಮಾತ್ರೆಯಲ್ಲಿ. ‘ಪ್ಯಾರಸಿಟಮಾಲ್ ತಾನೇ, ಏನೂ ಆಗಲ್ಲ’ ಅಂತ ನುಂಗ್ತಾರೆ. ಸ್ಟ್ರಿಪ್ ತಿರುಗಿಸಿ ನೋಡಿದ್ರೆ ಪ್ಯಾರಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಅಂತಲೋ ಐಬುಪ್ರೊಫೇನ್ ಅಂತಲೋ ಇರುತ್ತೆ. ಎರಡು ಮಾತ್ರೆ ಕತ್ತರಿಸಿ ಕೊಟ್ರೆ ಆ ಹೆಸರೂ ಕತ್ತರಿಸಿ ಹೋಗಿರುತ್ತೆ, ಮನೆಯಲ್ಲಿ ಓದೋಕೂ ಸಿಗಲ್ಲ.

ಗರ್ಭಿಣಿಯರ ನೋವಿಗೆ ವೈದ್ಯರು ಮೊದಲು ಬರೆಯೋದು ಬರೀ ಪ್ಯಾರಸಿಟಮಾಲ್. ಅದೂ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ. ನೋವು ತಡೆಯಲ್ಲ ಅಂತ ಗಂಟೆಗೊಂದು ನುಂಗಿದ್ರೆ ಲಿವರ್‌ಗೆ ಪೆಟ್ಟು.

ಕೀವು ಇದ್ರೆ ಆ್ಯಂಟಿಬಯೋಟಿಕ್ ಬೇಕಾಗಬಹುದು. ಅಲರ್ಜಿ ಇಲ್ಲದವರಿಗೆ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಬರೀತಾರೆ. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಗುಂಪಿನದ್ದು ಬೇಡ. ಮಗುವಿನ ಹಾಲು ಹಲ್ಲಿಗೆ ಖನಿಜ ಕೂರೋಕೆ ನಾಲ್ಕನೇ ತಿಂಗಳ ಹೊತ್ತಿಗೇ ಶುರುವಾಗುತ್ತೆ, ಆ ಹೊತ್ತಿಗೆ ಟೆಟ್ರಾಸೈಕ್ಲಿನ್ ಹೋದ್ರೆ ಹಲ್ಲಿನ ಬಣ್ಣವೇ ಕೆಡುತ್ತೆ. ಯಾವ ಆ್ಯಂಟಿಬಯೋಟಿಕ್ಕನ್ನೂ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕೊಟ್ಟರೂ ಕೆಲಸ ಪೂರ್ತಿ ಆಗಲ್ಲ. ಹಲ್ಲಿನ ಒಳಗೆ ಕೂತ ಕೀವು ಮಾತ್ರೆಗೆ ತಗ್ಗಿದ ಹಾಗೆ ಕಾಣಿಸಿ ಮತ್ತೆ ಬರುತ್ತೆ. ಹಲ್ಲು ತೆರೆದು ಕೀವು ಹೊರಗೆ ಬಿಡಬೇಕು ಇಲ್ಲವೇ ಹಲ್ಲು ತೆಗೀಬೇಕು.

ಇನ್ನೊಂದು ಮಾತು. ಬಿಪಿ ತೊಂದರೆ ಬರದಿರಲಿ ಅಂತ ಕೆಲವು ಗರ್ಭಿಣಿಯರಿಗೆ ಹೆರಿಗೆ ಡಾಕ್ಟರೇ ಸಣ್ಣ ಡೋಸ್ ಆಸ್ಪಿರಿನ್ ಬರೆದಿರ್ತಾರೆ. ಮೇಲಿನ ಮಾತು ಓದಿ ಅದನ್ನ ನಿಲ್ಲಿಸಬಾರದು. ಹಲ್ಲು ತೋರಿಸೋಕೆ ಹೋದಾಗ ಇಂಥ ಮಾತ್ರೆ, ಇಂಜೆಕ್ಷನ್ ನಡೀತಿದೆ ಅಂತ ಹೇಳಿದ್ರೆ ಸಾಕು. ಶುಗರ್, ಬಿಪಿ ಇದ್ರೆ ಅದನ್ನೂ ಹೇಳಬೇಕು. ಶುಗರ್ ಜಾಸ್ತಿ ಇದ್ರೆ ವಸಡಿನ ಸೋಂಕು ಬೇಗ ವಾಸಿ ಆಗಲ್ಲ, ಸೋಂಕು ಇದ್ರೆ ಶುಗರ್ ಹತೋಟಿಗೆ ಬರಲ್ಲ.

ಮೆಡಿಕಲ್ ಶಾಪ್‌ನವರು ಎರಡು ಪ್ರಶ್ನೆ ಕೇಳಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ: ‘ಮಾತ್ರೆ ಯಾರಿಗೆ? ಹೆಣ್ಣುಮಕ್ಕಳಿಗಾದ್ರೆ ಬಸುರಿ ಏನಾದ್ರೂ ಇದ್ದಾರಾ?’ ಕೇಳೋಕೆ ಸಂಕೋಚ ಅನ್ನಿಸಿದ್ರೆ ಕೌಂಟರ್ ಮೇಲೆ ‘ಮನೆಯಲ್ಲಿ ಗರ್ಭಿಣಿಯರಿಗೆ ಮಾತ್ರೆಯಾದರೆ ಮೊದಲೇ ತಿಳಿಸಿ’ ಅಂತ ಒಂದು ಚೀಟಿ ಅಂಟಿಸಬಹುದು. ಕಿರಾಣಿ ಅಂಗಡಿಯಲ್ಲಿ ತಲೆನೋವು, ಮೈಕೈ ನೋವಿನ ಮಾತ್ರೆ ಇಟ್ಟು ಮಾರೋರಿಗೂ ಇದೇ ಮಾತು ಅನ್ವಯಿಸುತ್ತೆ.

ಮನೆ ಮದ್ದು: ಯಾವುದು ಸರಿ, ಯಾವುದು ತಪ್ಪು

ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸೋದು ಒಳ್ಳೇದು. ಒಂದು ಲವಂಗ ಕಚ್ಚಿ ಹಿಡಿದ್ರೆ ಸ್ವಲ್ಪ ಹೊತ್ತು ನೋವು ಮರೆಯುತ್ತೆ. ಆದ್ರೆ ಲವಂಗದ ಎಣ್ಣೆಯನ್ನ ಹತ್ತಿಯಲ್ಲಿ ಅದ್ದಿ ಗಂಟೆಗಟ್ಟಲೆ ಇಟ್ರೆ ವಸಡು ಸುಡುತ್ತೆ. ಮಾತ್ರೆಯನ್ನೇ ಪುಡಿ ಮಾಡಿ ಹಲ್ಲಿನ ಸಂದಿಗೆ ತುಂಬೋದೂ ಹಾಗೇ, ವಸಡು ಬಿಳಿಚಿ ಹುಣ್ಣಾಗುತ್ತೆ.

ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯವನ್ನ ನೋವಿದ್ದ ಹಲ್ಲಿಗೆ ಒತ್ತಿ ಇಡೋದು ಬೇಡವೇ ಬೇಡ. ತಂಬಾಕು ಬಾಯಲ್ಲಿ ಇಟ್ರೂ ಅದರ ನಿಕೋಟಿನ್ ರಕ್ತ ಸೇರಿ ಮಗುವಿಗೆ ತಲುಪುತ್ತೆ. ಮಗು ಕಡಿಮೆ ತೂಕದಲ್ಲಿ ಹುಟ್ಟೋದು, ಅವಧಿಗೆ ಮುಂಚೆ ಹುಟ್ಟೋದು ಇದರಿಂದ ಜಾಸ್ತಿ.

ಅಡಿಕೆ ಸೀಮೆಯಲ್ಲಿ ಅಡಿಕೆ ಬಗ್ಗೆ ಮಾತಾಡೋದು ಕಷ್ಟ. ತಾಲ್ಲೂಕಿನ ಬದುಕು ನಡೆಯೋದೇ ಅದರ ಮೇಲೆ. ಆದ್ರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಸುರಿಯರು, ಬಾಣಂತಿಯರು ಊಟ ಆದ ಮೇಲೆ ಎಲೆ ಅಡಿಕೆ ಹಾಕೋ ಅಭ್ಯಾಸ ಬಿಟ್ರೆ ಹಲ್ಲಿಗೂ ಒಳ್ಳೇದು, ಮಗುವಿಗೂ ಒಳ್ಳೇದು. ತಾಂಬೂಲ ಕೊಡೋ ಶಾಸ್ತ್ರ ನಡೀಲಿ, ಅಗಿಯೋದು ಬೇಡ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

- ಕೆನ್ನೆ, ದವಡೆ ಕೆಳಗೆ ಅಥವಾ ಕಣ್ಣಿನ ಕಡೆಗೆ ಊತ ಹಬ್ಬುತ್ತಿದ್ರೆ
- ಹಲ್ಲು ನೋವಿನ ಜೊತೆ ಜ್ವರ, ಚಳಿ ಇದ್ರೆ
- ಬಾಯಿ ತೆರೆಯೋಕೆ, ಉಗುಳು ನುಂಗೋಕೆ ಕಷ್ಟ ಆದ್ರೆ
- ಉಸಿರಾಟಕ್ಕೆ ತೊಂದರೆ ಆದ್ರೆ
- ವಸಡಿನ ರಕ್ತ ಒತ್ತಿ ಹಿಡಿದರೂ ನಿಲ್ಲದಿದ್ರೆ
- ನೋವಿನಿಂದ ಊಟ, ನೀರು ಬಿಟ್ಟು ಒಂದು ದಿನ ಆದ್ರೆ

ಇದರಲ್ಲಿ ಯಾವುದೇ ಇದ್ದರೂ ಬೆಳಗಾಗಲಿ ಅಂತ ಕಾಯಬಾರದು. ದವಡೆ ಕೆಳಗಿನ ಊತ ಕುತ್ತಿಗೆಗೆ ಇಳಿದ್ರೆ ಉಸಿರಾಟದ ದಾರಿ ಮುಚ್ಚಬಹುದು. ವಾಹನ ಇಲ್ಲದಿದ್ರೆ 108ಕ್ಕೆ ಫೋನ್ ಮಾಡಿ, ಗರ್ಭಿಣಿ ಅಂತ ಮೊದಲೇ ಹೇಳಬೇಕು.

ಎಲ್ಲಿ ತೋರಿಸೋದು?

ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವಿಭಾಗ ಇರುತ್ತೆ. ಡಾಕ್ಟರ್ ಯಾವ ದಿನ, ಎಷ್ಟು ಹೊತ್ತಿಗೆ ಸಿಗ್ತಾರೆ ಅಂತ ಆಶಾ ಕಾರ್ಯಕರ್ತೆ ಮೂಲಕ ಕೇಳಿಕೊಂಡು ಹೋದ್ರೆ ಹಳ್ಳಿಯಿಂದ ಬಂದು ವಾಪಸ್ ಹೋಗೋ ಪಾಡು ತಪ್ಪುತ್ತೆ.

ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಅಲ್ಲಿ ಬಿಪಿ, ರಕ್ತ, ಹೊಟ್ಟೆ ನೋಡ್ತಾರೆ. ಬಾಯಿ ನೋಡಿ ಅಂತ ನಾವೇ ಕೇಳಬೇಕು. ‘ವಸಡಿನಲ್ಲಿ ರಕ್ತ ಬರ್ತಿದೆ, ದವಡೆ ಹಲ್ಲು ನೋಯ್ತಿದೆ’ ಅಂತ ಬಾಯಿ ಬಿಟ್ಟು ಹೇಳಿದ್ರೆ ಅದೇ ದಿನ ದಂತ ವೈದ್ಯರ ಹತ್ತಿರ ಕಳಿಸೋಕೆ ಅನುಕೂಲ ಆಗುತ್ತೆ.

ದೊಡ್ಡ ಕೆಲಸ ಅಂದ್ರೆ ದಾವಣಗೆರೆ ಇದೆ. ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಅಲ್ಲೇ ಇವೆ. ಡೆಂಟಲ್ ಕಾಲೇಜುಗಳಲ್ಲಿ ಕಲಿಯೋ ಡಾಕ್ಟರುಗಳು ಹಿರಿಯರ ಕಣ್ಗಾವಲಲ್ಲಿ ಚಿಕಿತ್ಸೆ ಕೊಡ್ತಾರೆ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತೆ. ಬೆಳಿಗ್ಗೆ ಬೇಗ ಹೊರಟು, ತಿಂಡಿ ತಿಂದು, ಬುತ್ತಿ ಕಟ್ಟಿಕೊಂಡು ಹೋಗಬೇಕು. ಗರ್ಭಿಣಿ ಹಸಿದು ಕೂರಬಾರದು.

ಎಲ್ಲಿಗೇ ಹೋದರೂ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಈಗ ನುಂಗ್ತಿರೋ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಕುರ್ಚಿಯಲ್ಲಿ ಕೂರೋ ಮೊದಲೇ ‘ಇಷ್ಟು ತಿಂಗಳು ಆಗಿದೆ’ ಅಂತ ಹೇಳಬೇಕು. ಮೊದಲ ತಿಂಗಳಲ್ಲಿ ಇನ್ನೂ ಯಾರಿಗೂ ಹೇಳಿಲ್ಲ ಅಂತ ಡಾಕ್ಟರ್ ಹತ್ತಿರವೂ ಮುಚ್ಚಿಡಬಾರದು.

ಬಾಣಂತನದಲ್ಲೂ ಬ್ರಷ್ ಬಿಡಬೇಡಿ

ಬಾಣಂತಿಗೆ ತಣ್ಣೀರು ಸೋಕಬಾರದು ಅಂತ ಕೆಲವು ಮನೆಗಳಲ್ಲಿ ವಾರಗಟ್ಟಲೆ ಹಲ್ಲುಜ್ಜಲ್ಲ. ತಣ್ಣೀರು ಬೇಡ ಅಂದ್ರೆ ಬಿಸಿ ನೀರು ಇದೆಯಲ್ಲ. ಬಿಸಿ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಪೇಸ್ಟ್ ಹಾಕಿ ಬ್ರಷ್ ಮಾಡಬಹುದು. ಬಾಣಂತಿಗೆ ಕೊಡೋ ಅಂಟಿನುಂಡೆ, ಬೆಲ್ಲದ ಲೇಹ್ಯ ಹಲ್ಲಿಗೆ ಅಂಟೋ ವಸ್ತುಗಳೇ, ಹಾಗಾಗಿ ಉಜ್ಜೋದು ಇನ್ನೂ ಮುಖ್ಯ.

ತಾಯಿಯ ಹುಳುಕು ಹಲ್ಲು ಮಗುವಿಗೂ ಬರೋ ದಾರಿ ಇದೆ. ಹುಳುಕು ಮಾಡೋ ಬ್ಯಾಕ್ಟೀರಿಯಾ ಉಗುಳಿನ ಮೂಲಕ ದಾಟುತ್ತೆ. ಅನ್ನ ಅಗಿದು ಮಗುವಿನ ಬಾಯಿಗೆ ಇಡೋದು, ಚಮಚ ತಾನು ನೆಕ್ಕಿ ಮಗುವಿಗೆ ತಿನ್ನಿಸೋದು, ಕೆಳಗೆ ಬಿದ್ದ ನಿಪ್ಪಲ್ಲನ್ನ ಬಾಯಲ್ಲಿ ಚೀಪಿ ಕೊಡೋದು ಪ್ರೀತಿಯಿಂದಲೇ ಮಾಡೋ ಕೆಲಸ. ಆದ್ರೆ ತಾಯಿ, ಅಜ್ಜಿ ಬಾಯಲ್ಲಿ ಹುಳುಕು ಇದ್ರೆ ಅದೂ ಜೊತೆಗೇ ಹೋಗುತ್ತೆ. ಬಸುರಿಯಲ್ಲೇ ತಾಯಿ ಹಲ್ಲು ಸರಿ ಮಾಡಿಸಿಕೊಂಡ್ರೆ ಮಗುವಿನ ಹಾಲು ಹಲ್ಲಿಗೂ ಕಾವಲು ಸಿಕ್ಕ ಹಾಗೆ.

ಮನೆಯವರು ಮಾಡಬೇಕಾದ್ದು

ಹಲ್ಲು ನೋವು ಅಂತ ಸೊಸೆ ಹೇಳಿದ್ರೆ ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ’ ಅಂತ ಅತ್ತೆ ತಳ್ಳಿ ಹಾಕಬಾರದು. ಗಂಡ ಮಾತ್ರೆ ತರೋಕೆ ಹೋದ್ರೆ ‘ನನ್ನ ಹೆಂಡತಿಗೆ, ಆರು ತಿಂಗಳು’ ಅಂತ ಮೊದಲ ಮಾತಿಗೇ ಹೇಳಬೇಕು. ಮೂರು ಅಕ್ಷರ ಜಾಸ್ತಿ ಮಾತಾಡೋಕೆ ದುಡ್ಡು ಬೇಕಿಲ್ಲ. ಅಂಗಡಿಯವರು ಸರಿಯಾದ ಮಾತ್ರೆ ಕೊಡ್ತಾರೆ, ಇಲ್ಲವೇ ‘ಬೆಳಿಗ್ಗೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ’ ಅಂತಾರೆ. ಎರಡರಲ್ಲಿ ಯಾವುದಾದ್ರೂ ಸುಮ್ಮನೆ ಕತ್ತರಿಸಿ ಕೊಡೋ ಎರಡು ಮಾತ್ರೆಗಿಂತ ವಾಸಿ.